ನಾಲ್ಕು ಜನ ಸೇರಿ ನಡೆಸುವ ಡೆಬಿಯನ್ ರೆಪೊ: ಕೀ ಮಾಡುವುದರಿಂದ ಬಾಗಿಲು ಹಾಕುವವರೆಗೆ

ಯಾರಾದರೂ ನಿಮ್ಮ ರೆಪೊವನ್ನು (ಲಿನಕ್ಸ್ ತಂತ್ರಾಂಶದ ಪ್ಯಾಕೇಜುಗಳನ್ನು ಹಂಚುವ ಕಣಜ) ತಮ್ಮ ಕಂಪ್ಯೂಟರಿಗೆ ಸೇರಿಸಿಕೊಂಡರು ಅಂದರೆ ಮನೆಯ ಬೀಗದಕೈಯನ್ನೇ ನಿಮ್ಮ ಕೈಗೆ ಕೊಟ್ಟ ಹಾಗೆ. ಪ್ಯಾಕೇಜಿನೊಳಗಿನ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟ್ (ಹಾಕಿಸಿದ ಮೇಲೆ ತಾನಾಗಿ ನಡೆಯುವ ಆದೇಶಗಳು) ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಪೂರ್ಣ ಅಧಿಕಾರದಲ್ಲಿ ಓಡುತ್ತದೆ. ಅದರಲ್ಲಿ ಏನು ಬರೆದಿದ್ದೀರೋ ಅದು ಆಪ್ಟ್ (ಪ್ಯಾಕೇಜ್ ತಂದು ಹಾಕುವ ಸಲಕರಣೆ) ಅಪ್‌ಗ್ರೇಡ್ ಕೊಟ್ಟ ಎಲ್ಲರ ಯಂತ್ರದಲ್ಲೂ ಮರುಪ್ರಶ್ನೆ ಇಲ್ಲದೆ ನಡೆದುಹೋಗುತ್ತದೆ. ಹಾಗಾಗಿ ಪ್ಯಾಕೇಜ್ ಕಟ್ಟುವುದು ಇಲ್ಲಿ ಅರ್ಧ ಕೆಲಸವೂ ಅಲ್ಲ. ಕಟ್ಟಿದ್ದನ್ನು ಸಹಿ ಮಾಡಿ ಹೊರಬಿಡುವುದು, ಒಮ್ಮೆ ಬಿಟ್ಟದ್ದನ್ನು ಮತ್ತೆ ಮುಟ್ಟದಿರುವುದು, ಮೂರು ವರ್ಷ ಆದ ಮೇಲೂ ಅದನ್ನು ನೋಡಿಕೊಳ್ಳಲು ಯಾರಾದರೂ ಇರುವ ಹಾಗೆ ಮಾಡುವುದು, ಕಷ್ಟವೆಲ್ಲ ಅಲ್ಲಿದೆ.

ಈ ಬರಹ ಲಿನಕ್ಸ್ ಡಿಸ್ಟ್ರೊಗಳಾದ (ವಿತರಣೆಗಳಾದ) ಡೆಬಿಯನ್ 12 (ಬುಕ್‌ವರ್ಮ್), ಡೆಬಿಯನ್ 13 (ಟ್ರಿಕ್ಸಿ) ಮತ್ತು ಉಬುಂಟು 24.04 (ನೋಬಲ್) ಬಳಸುವವರಿಗೆ ಕನ್ನಡದ ಫಾಂಟು, ಕೀಬೋರ್ಡ್ ವಿನ್ಯಾಸ, ಸಣ್ಣಪುಟ್ಟ ಸಲಕರಣೆ ಹಂಚುವ ಒಂದು ರೆಪೊವನ್ನು ಲೆಕ್ಕಕ್ಕೆ ಇಟ್ಟುಕೊಂಡಿದೆ. ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಮೂಲ ಇಂಗ್ಲಿಷ್ ಕಾಗುಣಿತವೇ ಬೇಕು.

ಮೊದಲು: ರೆಪೊ ನಿಜಕ್ಕೂ ಬೇಕೇ?

ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್‌ನಲ್ಲೇ ಇವೆ. ಅವನ್ನು ಮತ್ತೆ ಪ್ಯಾಕೇಜ್ ಮಾಡಿ ಹಂಚಿದರೆ ಬಳಕೆದಾರರಿಗೆ ಗೊಂದಲ, ನಿಮಗೆ ದಂಡದ ಕೆಲಸ. ನಿಮ್ಮ ತಂತ್ರಾಂಶ ಡೆಬಿಯನ್‌ಗೇ ಹೋಗುವಂಥದ್ದಾದರೆ ಅಲ್ಲಿಗೇ ಕಳಿಸಿ. ಅದಕ್ಕೆ ಒಬ್ಬ ಡೆಬಿಯನ್ ಡೆವಲಪರ್ ಸ್ಪಾನ್ಸರ್ ಆಗಬೇಕು, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದರೆ ಆಮೇಲೆ ಸರ್ವರ್ ಖರ್ಚು, ಕೀ ಚಿಂತೆ ಯಾವುದೂ ನಿಮ್ಮದಲ್ಲ. ಉಬುಂಟು ಮಾತ್ರ ಸಾಕು ಅನ್ನುವವರಿಗೆ ಲಾಂಚ್‌ಪ್ಯಾಡ್‌ನ ಪಿಪಿಎ ಇದೆ, ಫೆಡೋರಾಗೆ ಕೋಪರ್ ಇದೆ, ಹಲವು ಡಿಸ್ಟ್ರೊಗಳಿಗೆ ಒಟ್ಟಿಗೆ ಬಿಲ್ಡ್ ಮಾಡಲು ಓಪನ್‌ಸೂಸೆಯ ಬಿಲ್ಡ್ ಸರ್ವಿಸ್ ಇದೆ. ಇವು ಬಿಲ್ಡ್ ಮಾಡಿ, ಸಹಿ ಹಾಕಿ, ಹಂಚಿಯೂ ಕೊಡುತ್ತವೆ.

ಇವ್ಯಾವುದೂ ಒಗ್ಗದಿದ್ದರೆ ಮಾತ್ರ ಸ್ವಂತ ರೆಪೊ. ಆಗಲೂ ಮೊದಲ ನಿಯಮ: ಎಲೆಗಳನ್ನು ಇಡಿ, ಬೇರುಗಳನ್ನು ಮುಟ್ಟಬೇಡಿ. ಬೇರೆ ಯಾವ ಪ್ಯಾಕೇಜೂ ಅವಲಂಬಿಸದ ಫಾಂಟು, ಅಪ್ಲಿಕೇಶನ್, ಡೇಟಾ ಫೈಲು ಇವು ಎಲೆ. ಓಪನ್‌ಎಸ್‌ಎಸ್‌ಎಲ್, ಕ್ಯೂಟಿಯಂಥ ಲೈಬ್ರರಿ ಬೇರು. ಒಂದು ಅಪ್ಲಿಕೇಶನ್ ಬಿಲ್ಡ್ ಆಗಲಿ ಎಂದು ಹೊಸ ಲೈಬ್ರರಿಯೊಂದನ್ನು ರೆಪೊಗೆ ಹಾಕಿದ ಕ್ಷಣ ಅದರ ಭದ್ರತಾ ತಿದ್ದುಪಡಿಗಳೆಲ್ಲ ನಿಮ್ಮ ತಲೆಗೆ ಬಂದವು. ಡೆಬಿಯನ್‌ನ ಭದ್ರತಾ ತಂಡ ತಮ್ಮ ಆವೃತ್ತಿ ಸರಿಪಡಿಸುತ್ತದೆ. ನಿಮ್ಮದು ಸಂಖ್ಯೆಯಲ್ಲಿ ಮುಂದಿರುವುದರಿಂದ ಆ ತಿದ್ದುಪಡಿ ನಿಮ್ಮ ಬಳಕೆದಾರರನ್ನು ತಲುಪುವುದೇ ಇಲ್ಲ.

ಬಿಡುವಿನ ವೇಳೆಯಲ್ಲಿ ದುಡಿಯುವ ಒಬ್ಬರಿಗೆ ಐದಾರು ಪ್ಯಾಕೇಜ್ ಸಾಕು. ನಾಲ್ಕು ಜನರಿದ್ದರೆ ಇಪ್ಪತ್ತು. ಜಾಗದ ಲೆಕ್ಕವೂ ಸುಲಭ: 20 ಪ್ಯಾಕೇಜ್, ಸರಾಸರಿ 5 ಎಂಬಿ, ಮೂರು ಬಿಡುಗಡೆ, ಎರಡು ಆರ್ಕಿಟೆಕ್ಚರ್ ಅಂದರೆ 600 ಎಂಬಿ, ಹಳೆಯ ಆವೃತ್ತಿ ಸೇರಿ ಐದೈದು ಇಟ್ಟರೂ 3 ಜಿಬಿ. ರೆಪೊ ಅನ್ನುವುದು ಬರೀ ಸ್ಥಿರ ಫೈಲುಗಳ ರಾಶಿ. ಹಂಚುವುದಕ್ಕೆ 1 ಜಿಬಿ ರ್‍ಯಾಮ್‌ನ ಸಣ್ಣ ಸರ್ವರ್ ಧಾರಾಳ. ಬಿಲ್ಡ್ ಮಾತ್ರ ಅದರ ಮೇಲೆ ಮಾಡಬೇಡಿ.

ಆಪ್ಟ್ ಯಾವುದನ್ನು ನಂಬುತ್ತದೆ

ಈ ಸರಪಳಿ ತಲೆಗೆ ಹತ್ತಿದರೆ ಮುಂದೆ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ. ರೆಪೊದಲ್ಲಿ ಎರಡು ಮುಖ್ಯ ಫೋಲ್ಡರ್: ಪೂಲ್ ಮತ್ತು ಡಿಸ್ಟ್ಸ್. ಡೆಬ್ ಫೈಲುಗಳು (ಕಟ್ಟಿದ ಪ್ಯಾಕೇಜುಗಳು) ಪೂಲ್‌ನಲ್ಲಿ, ಅವುಗಳ ಪಟ್ಟಿ ಡಿಸ್ಟ್ಸ್‌ನಲ್ಲಿ. ಪ್ರತಿ ಬಿಡುಗಡೆಗೂ ಇನ್‌ರಿಲೀಸ್ ಎಂಬ ಒಂದು ಫೈಲ್ ಇರುತ್ತದೆ. ನಿಮ್ಮ ಜಿಪಿಜಿ (ಗೂಢಲಿಪಿ ಸಹಿಯ ತಂತ್ರಾಂಶ) ಸಹಿ ಬೀಳುವುದು ಅದರ ಮೇಲೆ. ಇನ್‌ರಿಲೀಸ್ ಒಳಗೆ ಪ್ಯಾಕೇಜಸ್ ಪಟ್ಟಿಗಳ ಎಸ್‌ಎಚ್‌ಎ256 ಮೊತ್ತ (ಫೈಲಿನ ಬೆರಳಚ್ಚಿನಂಥ ಹ್ಯಾಶ್), ಪ್ಯಾಕೇಜಸ್ ಪಟ್ಟಿಯೊಳಗೆ ಪ್ರತಿ ಡೆಬ್‌ನ ಗಾತ್ರ ಮತ್ತು ಎಸ್‌ಎಚ್‌ಎ256 ಮೊತ್ತ. ಕೀ ಇನ್‌ರಿಲೀಸನ್ನು, ಇನ್‌ರಿಲೀಸ್ ಪಟ್ಟಿಯನ್ನು, ಪಟ್ಟಿ ಡೆಬ್ಬನ್ನು ಹೀಗೆ ಒಂದು ಇನ್ನೊಂದಕ್ಕೆ ಸಾಕ್ಷಿ.

ಡೆಬ್ ಫೈಲಿಗೆ ಬೇರೆಯಾಗಿ ಸಹಿ ಇರುವುದಿಲ್ಲ. ಕೈಯಿಂದ ಇಳಿಸಿಕೊಂಡು ಡಿಪಿಕೆಜಿಯಲ್ಲಿ (ಆಪ್ಟ್ ಕೆಳಗೆ ನಿಂತು ಡೆಬ್ ಬಿಚ್ಚಿ ಹಾಕುವ ಸಲಕರಣೆ) ಹಾಕಿದರೆ ಯಾವ ತಪಾಸಣೆಯೂ ನಡೆಯದು. ವೆಬ್‌ಸೈಟಿನಲ್ಲಿ “ಇಲ್ಲಿ ಒತ್ತಿ ಡೆಬ್ ಇಳಿಸಿಕೊಳ್ಳಿ” ಎಂದು ಬಟನ್ ಇಡುವ ಆಸೆಯಾದಾಗ ಇದನ್ನು ನೆನಪಿಸಿಕೊಳ್ಳಿ.

ಕೀ

1. ನೆಟ್‌ಗೆ ಸೇರಿಸದ ಒಂದು ಯಂತ್ರದಲ್ಲಿ, ಬೇಕಾದರೆ ಡೆಬಿಯನ್ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಮುಖ್ಯ ಕೀ ರಚಿಸಿ. ಆರ್‌ಎಸ್‌ಎ 4096 ಅಥವಾ ಇಡಿ25519, ಎರಡೂ ಆದೀತು. ಆರ್‌ಎಸ್‌ಎ 1024ರ ಹಳೆಯ ಕೀ ಕೈಯಲ್ಲಿದ್ದರೆ ಬಿಟ್ಟುಬಿಡಿ, ಉಬುಂಟು 24.04ರ ಆಪ್ಟ್ ಅದನ್ನು ದುರ್ಬಲ ಎಂದೇ ಎಣಿಸುತ್ತದೆ.

2. ಮುಖ್ಯ ಕೀ ಅಡಿಯಲ್ಲಿ ಸಹಿಗೆಂದೇ ಒಂದು ಉಪಕೀ ಮಾಡಿ. ಅವಧಿ ಎರಡು ವರ್ಷ.

3. ರದ್ದತಿ ಪ್ರಮಾಣಪತ್ರ (ಈ ಕೀಯನ್ನು ಇನ್ನು ನಂಬಬೇಡಿ ಎಂದು ಸಾರುವ ಫೈಲ್) ಮಾಡಿ ಕಾಗದದ ಮೇಲೆ ಮುದ್ರಿಸಿ. ಮುಖ್ಯ ಕೀಯನ್ನು ಎರಡು ಪೆನ್‌ಡ್ರೈವ್‌ಗಳಿಗೆ ಹಾಕಿ ಇಬ್ಬರು ಬೇರೆಬೇರೆ ಮನೆಗಳಲ್ಲಿ ಇಟ್ಟುಕೊಳ್ಳಲಿ. ಇಬ್ಬರೂ ಒಂದೇ ಊರಿನವರಾಗದಿದ್ದರೆ ಇನ್ನೂ ಒಳ್ಳೆಯದು.

4. ಸಹಿಯ ಉಪಕೀ ಮಾತ್ರ ರೆಪೊ ಯಂತ್ರಕ್ಕೆ ಹೋಗಲಿ. ಸರ್ವರ್ ಯಾರದೋ ಕೈಸೇರಿದರೂ ಮುಖ್ಯ ಕೀಯಿಂದ ಆ ಉಪಕೀಯನ್ನು ರದ್ದು ಮಾಡಿ ಹೊಸದು ಹೊರಡಿಸಬಹುದು.

ಎಲ್ಲರೂ ಎಡವುವುದು ಅವಧಿಯ ವಿಷಯದಲ್ಲಿ. ಅವಧಿ ಮುಗಿಯುವ ಹಿಂದಿನ ದಿನ ಕೀಯನ್ನು ಎರಡು ವರ್ಷ ಮುಂದೂಡಿದರೆ ಆಯಿತು ಅಂದುಕೊಳ್ಳುತ್ತಾರೆ. ನಿಮ್ಮ ಯಂತ್ರದಲ್ಲಿ ಆಯಿತು, ನಿಜ. ಬಳಕೆದಾರರ ಯಂತ್ರದಲ್ಲಿ ಇರುವುದು ಹಳೆಯ ನಕಲು, ಅದರ ಲೆಕ್ಕದಲ್ಲಿ ಕೀ ಮುಗಿದುಹೋಗಿದೆ. ಹೊಸ ಕೀಯನ್ನು ಆಪ್ಟ್ ಮೂಲಕ ಕಳಿಸೋಣ ಅಂದರೆ ಆಪ್ಟ್ ನಿಮ್ಮ ರೆಪೊವನ್ನು ಓದಲು ಒಪ್ಪುವುದಿಲ್ಲ. ಒಳಗಿದ್ದ ಬೀಗದಕೈಯನ್ನು ಹೊರಗಿನಿಂದ ತೆಗೆಯಲು ಹೋದಂತೆ. ಆದ್ದರಿಂದ ಮೊದಲ ದಿನವೇ ಒಂದು ಕೀರಿಂಗ್ ಪ್ಯಾಕೇಜ್ ಮಾಡಿ. ಅದು ಸಾರ್ವಜನಿಕ ಕೀಯನ್ನು ಯುಎಸ್‌ಆರ್-ಶೇರ್-ಕೀರಿಂಗ್ಸ್ ಫೋಲ್ಡರಿಗೆ ಹಾಕುವ ಪುಟ್ಟ ಪ್ಯಾಕೇಜ್, ಬೇರೆ ಕೆಲಸ ಇಲ್ಲ. ಅವಧಿ ಮುಗಿಯಲು ಆರು ತಿಂಗಳು ಇರುವಾಗಲೇ ಹೊಸ ದಿನಾಂಕದ ಕೀಯನ್ನು ಅದರಲ್ಲಿ ಹೊರಬಿಡಿ. ಕೀಯನ್ನೇ ಬದಲಿಸುವುದಾದರೆ ಆ ಆರು ತಿಂಗಳೂ ಹಳತು ಹೊಸತು ಎರಡರಿಂದಲೂ ಸಹಿ ಮಾಡಿ.

ರೆಪ್ರೆಪ್ರೊ ಹೊಂದಿಸುವುದು

ಈ ಕೆಲಸಕ್ಕೆ ಎರಡು ಹೆಸರಾಂತ ಸಲಕರಣೆ: ರೆಪ್ರೆಪ್ರೊ ಮತ್ತು ಆಪ್ಟ್‌ಲಿ. ಆಪ್ಟ್‌ಲಿ ಸ್ನ್ಯಾಪ್‌ಶಾಟ್ ತೆಗೆದಿಟ್ಟು ಯಾವಾಗ ಬೇಕಾದರೂ ಹಿಂದಿನ ಸ್ಥಿತಿ ಪ್ರಕಟಿಸುತ್ತದೆ. ರೆಪ್ರೆಪ್ರೊ ಸರಳ, ಡೀಫಾಲ್ಟ್ ಆಗಿ ಒಂದು ಬಿಡುಗಡೆಯಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿ ಇಡುತ್ತದೆ, ಹೊಸದು ಬಂದರೆ ಹಳೆಯದನ್ನು ಅಳಿಸುತ್ತದೆ. ಇಪ್ಪತ್ತು ಪ್ಯಾಕೇಜಿನ ರೆಪೊಗೆ ರೆಪ್ರೆಪ್ರೊ ಸಾಕು. ಹಳೆಯ ಡೆಬ್‌ಗಳನ್ನು ಮಾತ್ರ ಪಕ್ಕದ ಫೋಲ್ಡರಿನಲ್ಲಿ ಎತ್ತಿಟ್ಟುಕೊಳ್ಳಿ.

ಕಾನ್ಫ್ ಫೋಲ್ಡರಿನ ಡಿಸ್ಟ್ರಿಬ್ಯೂಶನ್ಸ್ ಫೈಲಿನಲ್ಲಿ ಪ್ರತಿ ಬಿಡುಗಡೆಗೂ ಒಂದು ಪ್ಯಾರಾ ಬರೆಯಬೇಕು: ಒರಿಜಿನ್, ಲೇಬಲ್, ಸೂಟ್, ಕೋಡ್‌ನೇಮ್, ಆರ್ಕಿಟೆಕ್ಚರ್ಸ್, ಕಾಂಪೊನೆಂಟ್ಸ್, ಸೈನ್‌ವಿತ್. ಒರಿಜಿನ್ ಮತ್ತು ಲೇಬಲ್ ಮೊದಲ ದಿನವೇ ಯೋಚಿಸಿ ಬರೆದು ಮತ್ತೆ ಬದಲಿಸಬೇಡಿ. ಬಳಕೆದಾರರ ಪಿನ್‌ಗಳು (ಯಾವ ರೆಪೊಗೆ ಎಷ್ಟು ಆದ್ಯತೆ ಎಂಬ ನಿಯಮಗಳು) ಅವುಗಳ ಮೇಲೆ ನಿಂತಿರುತ್ತವೆ. ಬದಲಾದರೆ “ಈ ರೆಪೊ ತನ್ನ ಲೇಬಲ್ ಬದಲಿಸಿಕೊಂಡಿದೆ” ಎಂದು ಆಪ್ಟ್ ತಡೆದು ನಿಲ್ಲಿಸುತ್ತದೆ. ಆರ್ಕಿಟೆಕ್ಚರ್ಸ್ ಸಾಲಿನಲ್ಲಿ ಎಎಂಡಿ64, ಎಆರ್‌ಎಂ64 ಜೊತೆ ಸೋರ್ಸ್ ಕೂಡ ಸೇರಿಸಿ. ಜಿಪಿಎಲ್ ತಂತ್ರಾಂಶದ ಬೈನರಿ ಹಂಚುವವರು ಮೂಲವನ್ನೂ ಕೊಡಬೇಕು. ಅದಕ್ಕೆ ಇದೇ ಸುಲಭದ ದಾರಿ.

ಡಿಸ್ಟ್ರೊದಲ್ಲೂ ಇರುವ ಪ್ಯಾಕೇಜಿನ ಹೊಸ ಆವೃತ್ತಿ ಹಂಚುವಿರಾದರೆ ನಾಟ್‌ಆಟೊಮ್ಯಾಟಿಕ್ ಮತ್ತು ಬಟ್‌ಆಟೊಮ್ಯಾಟಿಕ್‌ಅಪ್‌ಗ್ರೇಡ್ಸ್ ಎರಡಕ್ಕೂ ‘ಯೆಸ್’ (ಹೌದು) ಎಂದು ಕೊಡಿ. ಆಗ ನಿಮ್ಮ ರೆಪೊದ ಆದ್ಯತೆ 500ರಿಂದ 100ಕ್ಕೆ ಇಳಿಯುತ್ತದೆ. ಬಳಕೆದಾರ ಕೇಳಿ ಹಾಕಿಸಿಕೊಂಡದ್ದು ಮಾತ್ರ ನಿಮ್ಮಿಂದ ಅಪ್‌ಡೇಟ್ ಆಗುತ್ತದೆ, ಉಳಿದದ್ದನ್ನು ನೀವು ಸದ್ದಿಲ್ಲದೆ ಬದಲಿಸಿದಂತೆ ಆಗುವುದಿಲ್ಲ. ಡೆಬಿಯನ್ ಬ್ಯಾಕ್‌ಪೋರ್ಟ್ಸ್ (ಹಳೆಯ ಬಿಡುಗಡೆಗೆ ಹೊಸ ಆವೃತ್ತಿ ಕೊಡುವ ರೆಪೊ) ನಡೆಯುವುದೂ ಹೀಗೆಯೇ. ಮೊದಲನೆಯದನ್ನು ಮಾತ್ರ ಕೊಟ್ಟು ಎರಡನೆಯದನ್ನು ಮರೆತರೆ ಆದ್ಯತೆ 1ಕ್ಕೆ ಬೀಳುತ್ತದೆ. ಆಗ ಒಮ್ಮೆ ಹಾಕಿಸಿಕೊಂಡವರಿಗೆ ಅಪ್‌ಡೇಟ್ ಬರುವುದೇ ನಿಲ್ಲುತ್ತದೆ, ಯಾರೂ ದೂರು ಕೊಡುವುದೂ ಇಲ್ಲ, ಏಕೆಂದರೆ ಎಲ್ಲಿಯೂ ಎರರ್ ಬಂದಿರುವುದಿಲ್ಲ.

ವ್ಯಾಲಿಡ್‌ಫಾರ್ ಸಾಲಿನಿಂದ ಇನ್‌ರಿಲೀಸ್‌ಗೆ ಮುಕ್ತಾಯ ದಿನಾಂಕ ಬರುತ್ತದೆ. ಯಾರೋ ದಾರಿಯಲ್ಲಿ ಕೂತು ಬಳಕೆದಾರರಿಗೆ ಹಳೆಯ ಪಟ್ಟಿಯನ್ನೇ ತೋರಿಸುತ್ತ ಭದ್ರತಾ ತಿದ್ದುಪಡಿ ತಡೆಯದಿರಲೆಂದು ಇದು. 14 ದಿನ ಇಟ್ಟರೆ ವಾರಕ್ಕೊಮ್ಮೆ ಕ್ರಾನ್‌ನಿಂದ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸೇವೆ) ರೆಪ್ರೆಪ್ರೊ ಎಕ್ಸ್‌ಪೋರ್ಟ್ ಓಡಲೇಬೇಕು. ಕೀಗೆ ಪಾಸ್‌ಫ್ರೇಸ್ ಇದ್ದರೆ ಕ್ರಾನ್ ಅದನ್ನು ಕೇಳಿ ಸುಮ್ಮನೆ ಸೋಲುತ್ತದೆ, ಎರಡು ವಾರದ ಮೇಲೆ ರೆಪೊ ಎಲ್ಲರಿಗೂ ಕೆಡುತ್ತದೆ. ಕೈಯಿಂದಲೇ ಸಹಿ ಮಾಡುವ ತಂಡ ಈ ಸಾಲನ್ನು ಬಿಡುವುದು ಅಥವಾ ಮೂರು ತಿಂಗಳು ಇಡುವುದು ಮೇಲು.

ಬಿಲ್ಡ್: ನಿಮ್ಮ ಲ್ಯಾಪ್‌ಟಾಪ್ ಮೇಲೆ ಬೇಡ

ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಂದೋ ಹಾಕಿಕೊಂಡ ನೂರು ಲೈಬ್ರರಿಗಳಿವೆ. ಬಿಲ್ಡ್‌ಗೆ ಬೇಕಾದದ್ದು ಕಂಟ್ರೋಲ್ ಫೈಲಿನ ಬಿಲ್ಡ್-ಡಿಪೆಂಡ್ಸ್ ಸಾಲಿನಲ್ಲಿ ಬಿಟ್ಟುಹೋಗಿದ್ದರೂ ಅಲ್ಲಿ ಗೊತ್ತಾಗದು. ಪ್ರತ್ಯೇಕ ಆವರಣದಲ್ಲಿ ಪ್ಯಾಕೇಜ್ ಕಟ್ಟುವ ಎಸ್‌ಬಿಲ್ಡ್‌ನ ಅನ್‌ಶೇರ್ ವಿಧಾನ ಬಳಸಿ: ಪುಟ್ಟ ಮೂಲ ವ್ಯವಸ್ಥೆ ಹುಟ್ಟಿಸುವ ಎಂಎಂಡಿಬೂಟ್‌ಸ್ಟ್ರಾಪ್‌ನಿಂದ ಬುಕ್‌ವರ್ಮ್, ಟ್ರಿಕ್ಸಿ, ನೋಬಲ್ ಮೂರಕ್ಕೂ ಒಂದೊಂದು ಟಾರ್‌ಬಾಲ್ (ಫೈಲುಗಳ ಕಟ್ಟು) ಮಾಡಿಟ್ಟರೆ ಪ್ರತಿ ಬಿಲ್ಡೂ ಹೊಸದಾಗಿ ತೊಳೆದ ಪಾತ್ರೆಯಲ್ಲಿ ನಡೆಯುತ್ತದೆ, ರೂಟ್ ಅಧಿಕಾರವೂ ಬೇಡ.

ಮೂರಕ್ಕೂ ಬೇರೆಬೇರೆ ಬಿಲ್ಡ್ ಏಕೆ? ಬುಕ್‌ವರ್ಮ್‌ನ ಗ್ಲಿಬ್‌ಸಿ (ಸಿ ಪ್ರೋಗ್ರಾಮುಗಳ ತಳದ ಲೈಬ್ರರಿ, ಪ್ಯಾಕೇಜಿನ ಹೆಸರು ಲಿಬ್‌ಸಿ6) 2.36, ನೋಬಲ್‌ನದು 2.39, ಟ್ರಿಕ್ಸಿಯದು 2.41. ಟ್ರಿಕ್ಸಿಯಲ್ಲಿ ಕಟ್ಟಿದ ಸಿ ಪ್ರೋಗ್ರಾಮನ್ನು ಬುಕ್‌ವರ್ಮ್‌ಗೆ ಕೊಟ್ಟರೆ “ಲಿಬ್‌ಸಿ6 ಇಷ್ಟಕ್ಕಿಂತ ಹೊಸದು ಬೇಕು” ಎಂದು ಆಪ್ಟ್ ನಿರಾಕರಿಸುತ್ತದೆ. ಹಳೆಯದರಲ್ಲಿ ಕಟ್ಟಿ ಎಲ್ಲಕ್ಕೂ ಕೊಡುವುದು ಕೆಲವೊಮ್ಮೆ ನಡೆಯುತ್ತದೆ, ಬೇರೆ ಲೈಬ್ರರಿಗಳ ಹೆಸರು ಬಿಡುಗಡೆಯಿಂದ ಬಿಡುಗಡೆಗೆ ಬದಲಾಗಿರುವ ಕಡೆ ನಡೆಯದು. ಫಾಂಟಿನಂಥ ‘ಆಲ್’ ಆರ್ಕಿಟೆಕ್ಚರಿನ ಪ್ಯಾಕೇಜಿಗೆ ಈ ತಂಟೆ ಇಲ್ಲ. ಒಮ್ಮೆ ಕಟ್ಟಿದ ಅದೇ ಡೆಬ್ಬನ್ನು ಮೂರೂ ಕಡೆ ಸೇರಿಸಬಹುದು.

ಮೂಲ ಕೋಡನ್ನು ಎಲ್ಲಿಂದ ತಂದಿರಿ ಎಂಬುದಕ್ಕೂ ಲೆಕ್ಕ ಇರಲಿ. 2024ರ ಮಾರ್ಚ್ 29ರಂದು ಬಯಲಾದ ಹಿಂಬಾಗಿಲು (ಕದ್ದು ಒಳನುಗ್ಗುವ ದಾರಿ) ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1ರಲ್ಲಿತ್ತು. ಅದನ್ನು ಎಬ್ಬಿಸುವ ಎಂ4 ಫೈಲ್ (ಬಿಲ್ಡ್‌ನ ಒಂದು ಸ್ಕ್ರಿಪ್ಟ್) ಗಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆ ದಾಖಲಾಗುವ ಕಣಜ) ಇರಲೇ ಇಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನವಾಗಿದೆಯಲ್ಲ ಎಂದು ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಬೆನ್ನುಹತ್ತದಿದ್ದರೆ ಎಷ್ಟು ದೂರ ಹೋಗುತ್ತಿತ್ತೋ. ಹಾಗಾಗಿ ಗಿಟ್ ಟ್ಯಾಗಿನಿಂದಲೇ ಕೋಡ್ ತೆಗೆದುಕೊಳ್ಳಿ; ಟಾರ್‌ಬಾಲೇ ಬೇಕಾದರೆ ಎರಡನ್ನೂ ಬಿಚ್ಚಿ ಡಿಫ್ ಹಾಕಿ ಹೆಚ್ಚುವರಿ ಫೈಲುಗಳನ್ನು ಓದಿ. 2018ರ ಜುಲೈಯಲ್ಲಿ ಆರ್ಚ್ ಲಿನಕ್ಸ್‌ನ ಎಯುಆರ್‌ನಲ್ಲಿ (ಬಳಕೆದಾರರೇ ನಡೆಸುವ ರೆಪೊ) ಆದದ್ದು ಇನ್ನೊಂದು ಬಗೆ: ನೋಡುವವರಿಲ್ಲದ ಪ್ಯಾಕೇಜನ್ನು ಯಾರೋ ದತ್ತು ತೆಗೆದುಕೊಂಡು ಹಾನಿಯ ಕೋಡ್ ಸೇರಿಸಿದ್ದರು. ನಿಮ್ಮ ಪಟ್ಟಿಯಲ್ಲಿ ಅನಾಥ ಪ್ಯಾಕೇಜ್ ಇದ್ದರೆ ಸಿಕ್ಕ ಮೊದಲ ಕೈಗೆ ಕೊಡಬೇಡಿ, ತೆಗೆದುಹಾಕಿ.

ಆವೃತ್ತಿ ಸಂಖ್ಯೆ

ಒಂದು ಸಂಖ್ಯೆ ತಪ್ಪಾಗಿ ಹೊರಗೆ ಹೋದರೆ ಹಿಂದಕ್ಕೆ ತರುವಂತಿಲ್ಲ, ಆಪ್ಟ್ ಮುಂದಕ್ಕೆ ಮಾತ್ರ ನಡೆಯುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಂತು ಹೋಗೋಣ.

ಟಿಲ್ಡೆ (~) ಎಲ್ಲಕ್ಕಿಂತ ಚಿಕ್ಕದು, ಏನೂ ಇಲ್ಲದ್ದಕ್ಕಿಂತಲೂ ಚಿಕ್ಕದು. 1.3-1~ಡೆಬ್12+1 ಎಂಬುದು 1.3-1ಕ್ಕಿಂತ ಹಳೆಯದೆಂದು ಎಣಿಕೆ. ಇದು ವರ. ನಾಳೆ ಡೆಬಿಯನ್ನೇ 1.3-1 ಹೊರತಂದರೆ ಬಳಕೆದಾರರು ತಾವಾಗಿ ಅಧಿಕೃತ ಆವೃತ್ತಿಗೆ ದಾಟುತ್ತಾರೆ. ಟಿಲ್ಡೆಯ ಬದಲು ಪ್ಲಸ್ ಹಾಕಿದರೆ ನಿಮ್ಮದೇ ದೊಡ್ಡದಾಗಿ ಅವರು ನಿಮ್ಮಲ್ಲೇ ಸಿಕ್ಕಿಕೊಳ್ಳುತ್ತಾರೆ.

ಬಾಲದಲ್ಲಿ ಬಿಡುಗಡೆಯ ಹೆಸರು ಹಾಕಬೇಡಿ, ಸಂಖ್ಯೆ ಹಾಕಿ. ಡೆಬಿಯನ್ 11ರ ಹೆಸರು ಬುಲ್ಸ್‌ಐ, 12ರದು ಬುಕ್‌ವರ್ಮ್. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಬುಕ್‌ವರ್ಮ್ ಮೊದಲು, ಬುಲ್ಸ್‌ಐ ನಂತರ. ಹೆಸರಿನ ಬಾಲ ಇಟ್ಟವರ ಪ್ಯಾಕೇಜುಗಳು 11ರಿಂದ 12ಕ್ಕೆ ಏರಿದ ಯಂತ್ರಗಳಲ್ಲಿ ಅಪ್‌ಗ್ರೇಡ್ ಆಗದೆ ಹಳೆಯ ಬಿಲ್ಡೇ ಉಳಿಯುತ್ತದೆ. ಡೆಬ್11, ಡೆಬ್12, ಡೆಬ್13 ಎಂದಿದ್ದರೆ ಈ ಪೀಕಲಾಟವೇ ಇಲ್ಲ. ಅನುಮಾನ ಬಂದಾಗ ಡಿಪಿಕೆಜಿಯ ಕಂಪೇರ್-ವರ್ಶನ್ಸ್ ಆಯ್ಕೆಗೆ ಎರಡೂ ಸಂಖ್ಯೆ ಕೊಟ್ಟು ಕೇಳಿ, ಮನಸ್ಸಿನ ಲೆಕ್ಕ ನಂಬಬೇಡಿ.

ಈ ಬಾಲಕ್ಕೆ ಇನ್ನೊಂದು ಕಾರಣವೂ ಇದೆ. ಪೂಲ್ ಎಲ್ಲ ಬಿಡುಗಡೆಗಳಿಗೂ ಒಂದೇ. ಬುಕ್‌ವರ್ಮ್‌ನಲ್ಲೂ ಟ್ರಿಕ್ಸಿಯಲ್ಲೂ ಕಟ್ಟಿದ ಎರಡು ಡೆಬ್‌ಗಳ ಹೆಸರು ಒಂದೇ ಆಗಿ ಒಳಗಿನ ಬೈಟ್‌ಗಳು ಬೇರೆಯಾದರೆ “ಈ ಫೈಲ್ ಬೇರೆ ಚೆಕ್‌ಸಮ್‌ನೊಂದಿಗೆ ಆಗಲೇ ನೋಂದಣಿಯಾಗಿದೆ” ಎಂದು ರೆಪ್ರೆಪ್ರೊ ಬಾಗಿಲು ಹಾಕುತ್ತದೆ. ಸಣ್ಣದೊಂದು ತಪ್ಪು ತಿದ್ದಿ ಅದೇ ಸಂಖ್ಯೆಯಲ್ಲಿ ಮತ್ತೆ ಹಾಕಲು ಹೋದಾಗಲೂ ಇದೇ ಮಾತು ಬರುತ್ತದೆ. ಹಳೆಯದನ್ನು ಅಳಿಸಿ ತೂರಿಸಲು ಹೋಗಬೇಡಿ. ಒಂದೇ ಸಂಖ್ಯೆಯ ಎರಡು ಡೆಬ್ ಲೋಕದಲ್ಲಿ ಓಡಾಡತೊಡಗಿದರೆ ಬಂದ ದೂರು ಯಾವುದರದ್ದೆಂದು ಯಾರಿಗೂ ತಿಳಿಯದು. ಕೊನೆಯ ಅಂಕೆ ಒಂದು ಹೆಚ್ಚಿಸಿ. ಸಂಖ್ಯೆಗಳಿಗೇನೂ ಬರ ಬಂದಿಲ್ಲ.

1.4 ಕೆಟ್ಟಿದೆ, 1.3ಕ್ಕೆ ಹಿಂದಿರುಗಬೇಕು ಎಂದಾಗ? ರೆಪೊದಲ್ಲಿ 1.3 ಇಟ್ಟ ಮಾತ್ರಕ್ಕೆ 1.4 ಹಾಕಿಕೊಂಡವರು ಇಳಿಯುವುದಿಲ್ಲ. ಹಳೆಯ ಕೋಡನ್ನು 1.4+ರಿಯಲಿ1.3-1 ಎಂಬ ಸಂಖ್ಯೆಯಲ್ಲಿ ಕಟ್ಟಿ. ಡೆಬಿಯನ್ ಮಂದಿ ಮಾಡುವುದೂ ಇದನ್ನೇ. ನೋಡಲು ವಿಕಾರ, ಆದರೆ 1.5 ಬಂದ ದಿನ ತಾನಾಗಿ ಮರೆಯಾಗುತ್ತದೆ. ಇದಕ್ಕಾಗಿ ಎಪಾಕ್ (ಮುಂದಿನ ‘1:’) ಸೇರಿಸಿದರೆ ಅದು ಆ ಪ್ಯಾಕೇಜ್ ಬದುಕಿರುವಷ್ಟು ಕಾಲ ಅಂಟಿಕೊಂಡಿರುತ್ತದೆ.

ಹೊರಬಿಡುವ ಮುನ್ನ

ಲಿಂಟಿಯನ್ (ಪ್ಯಾಕೇಜಿನ ತಪ್ಪು ಹುಡುಕುವ ಸಲಕರಣೆ) ಓಡಿಸಿ, ಎರರ್‌ಗಳನ್ನೆಲ್ಲ ಸರಿಪಡಿಸಿ, ಎಚ್ಚರಿಕೆಗಳನ್ನು ಓದಿ. ಡೆಬ್‌ಡಿಫ್‌ನಿಂದ ಹಿಂದಿನ ಡೆಬ್‌ಗೂ ಇದಕ್ಕೂ ಯಾವ ಫೈಲ್ ಬಂತು, ಯಾವುದು ಹೋಯಿತು ನೋಡಿ. ಪೋಸ್ಟ್‌ಇನ್‌ಸ್ಟ್, ಪ್ರೀಆರ್‌ಎಂ ಸ್ಕ್ರಿಪ್ಟುಗಳನ್ನು ಕಟ್ಟಿದವರಲ್ಲದ ಇನ್ನೊಬ್ಬರು ಸಾಲುಸಾಲಾಗಿ ಓದಲೇಬೇಕು. ಪಿಯುಪಾರ್ಟ್ಸ್ ಒಂದು ಖಾಲಿ ವ್ಯವಸ್ಥೆಯಲ್ಲಿ ಹಾಕಿ, ಅಪ್‌ಗ್ರೇಡ್ ಮಾಡಿ, ಪೂರ್ತಿ ತೆಗೆದು, ಏನು ಉಳಿಯಿತು ಎಂದು ಹೇಳುತ್ತದೆ.

ಯಂತ್ರ ಹೇಳದ ತಪ್ಪುಗಳೂ ಇವೆ. ಕನ್ನಡ ಫಾಂಟಿನ ಪ್ಯಾಕೇಜನ್ನೇ ನೋಡಿ. ಅದರ ಜೊತೆ ಒಂದು ಫಾಂಟ್‌ಕಾನ್ಫಿಗ್ ಫೈಲ್ ಬರುತ್ತದೆ, ಹೆಸರಿನ ಮೊದಲ ಎರಡು ಅಂಕೆ ಅದನ್ನು ಓದುವ ಸರದಿಯನ್ನು ಹೇಳುತ್ತವೆ. 65ರ ಬದಲು ತೀರ ಮುಂಚಿನ ಅಂಕೆ ಕೊಟ್ಟರೆ ಬಳಕೆದಾರ ತಾನೇ ಆರಿಸಿಕೊಂಡ ಫಾಂಟನ್ನೂ ತಳ್ಳಿ ನಿಮ್ಮದು ಎಲ್ಲ ಕಡೆ ಕೂರಬಹುದು. ಹಾಕುವ ಮೊದಲೂ ನಂತರವೂ ಎಫ್‌ಸಿ-ಮ್ಯಾಚ್‌ಗೆ ಕನ್ನಡ ಭಾಷೆಯ ಸಂಕೇತ ಕೊಟ್ಟು ಉತ್ತರ ಹೋಲಿಸಿ. ಆಮೇಲೆ ಹಾರ್ಫ್‌ಬಜ್‌ನ ಎಚ್‌ಬಿ-ವ್ಯೂನಲ್ಲಿ ಕೆಲವು ಪದ ಮೂಡಿಸಿ: ಸ್ತ್ರೀ, ಲಕ್ಷ್ಮೀ, ರಾಷ್ಟ್ರ, ಅರ್ಥ, ಕ್ರೌರ್ಯ, ಜೊತೆಗೆ ರ‍್ಯಾಂಕ್. ಕೊನೆಯದರಲ್ಲಿ ರ ಮತ್ತು ವಿರಾಮದ (ಅರ್ಧಾಕ್ಷರದ ಚಿಹ್ನೆ) ನಡುವೆ ಕಣ್ಣಿಗೆ ಕಾಣದ ಜೋಡಕವೊಂದಿದೆ. ಅದಿದ್ದಾಗ ಪೂರ್ಣ ರ ಬಂದು ಯ ಒತ್ತಾಗಬೇಕು, ಇಲ್ಲದಿದ್ದಾಗ ಅರ್ಕಾವತ್ತು ಬರಬೇಕು. ಫಾಂಟಿನ ಹೊಸ ಆವೃತ್ತಿ ಮೊದಲು ಎಡವುವುದು ಇಂಥ ಕಡೆಯೇ. ಪರವಾನಗಿಯನ್ನೂ ಇದೇ ಹೊತ್ತಿನಲ್ಲಿ ಓದಿಬಿಡಿ: ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಹೆಸರು ಕಾದಿರಿಸಿದ್ದರೆ, ಗ್ಲಿಫ್ ತಿದ್ದಿದ ಫಾಂಟನ್ನು ಅದೇ ಹೆಸರಲ್ಲಿ ಹಂಚುವಂತಿಲ್ಲ. ಎಲ್ಲೋ ಉಚಿತವಾಗಿ ಸಿಕ್ಕಿತು ಅನ್ನುವುದು ಪರವಾನಗಿ ಅಲ್ಲ.

ಪ್ರತಿ ಬಿಡುಗಡೆಗೂ ಪಕ್ಕದಲ್ಲಿ ಒಂದು ‘-ಟೆಸ್ಟಿಂಗ್’ ಇಡಿ. ಹೊಸದೆಲ್ಲ ರೆಪ್ರೆಪ್ರೊ ಇನ್‌ಕ್ಲೂಡ್ ಮೂಲಕ ಮೊದಲು ಅಲ್ಲಿಗೆ ಹೋಗಲಿ. ಏಳು ದಿನ ಯಾರೂ ಕಿರುಚದಿದ್ದರೆ ರೆಪ್ರೆಪ್ರೊ ಕಾಪಿ ಕೊಟ್ಟು ಮುಖ್ಯಕ್ಕೆ ತನ್ನಿ. ಕಾಪಿ ಅದೇ ಡೆಬ್ಬನ್ನು ತರುತ್ತದೆ, ಮರುಬಿಲ್ಡ್ ಇಲ್ಲ. ಪರೀಕ್ಷೆಯಾದದ್ದೇ ಹೊರಗೆ ಹೋಗುತ್ತದೆ. ಭದ್ರತಾ ತಿದ್ದುಪಡಿಗೆ ಮಾತ್ರ ಏಳು ದಿನ ಕಾಯಬೇಡಿ. ಶುಕ್ರವಾರ ರಾತ್ರಿ ಏನನ್ನೂ ಹೊರಬಿಡಬೇಡಿ ಅನ್ನುವುದು ಕಚೇರಿಗಳ ಮಾತು. ಸ್ವಯಂಸೇವಕರಿಗೆ ತಿರುಗುಮುರುಗು: ಶನಿವಾರ ಬೆಳಿಗ್ಗೆ ಬಿಡಿ, ಕೆಟ್ಟರೆ ಸರಿಪಡಿಸಲು ಎರಡು ದಿನ ಕೈಯಲ್ಲಿರುತ್ತದೆ.

ಮಿರರ್ ಮತ್ತು ಕ್ಯಾಶ್

“ಹ್ಯಾಶ್ ಸಮ್ ಮಿಸ್‌ಮ್ಯಾಚ್” ದೂರು ಬಂದರೆ ಹತ್ತರಲ್ಲಿ ಒಂಬತ್ತು ಸಲ ಯಾರೂ ದಾಳಿ ಮಾಡಿರುವುದಿಲ್ಲ. ಹೊಸ ಇನ್‌ರಿಲೀಸ್ ತಲುಪಿದೆ, ಹೊಸ ಪ್ಯಾಕೇಜಸ್ ಇನ್ನೂ ತಲುಪಿಲ್ಲ, ಅಷ್ಟೇ. ಮಿರರ್‌ಗೆ (ರೆಪೊದ ನಕಲು ಇಡುವ ಸರ್ವರ್) ಆರ್‌ಸಿಂಕ್‌ನಿಂದ ನಕಲಿಸುವಾಗ ಮೂರು ಸುತ್ತು ಹಾಕಿ: ಮೊದಲು ಪೂಲ್, ಏನನ್ನೂ ಅಳಿಸದೆ; ನಂತರ ಡಿಸ್ಟ್ಸ್; ಕೊನೆಗೆ ಅಳಿಸಬೇಕಾದ್ದನ್ನು ಅಳಿಸಲು ಮತ್ತೊಮ್ಮೆ ಪೂಲ್. ಕ್ರಮ ತಪ್ಪಿದರೆ ಪಟ್ಟಿಯಲ್ಲಿ ಇರುವ ಡೆಬ್ ಅಂಗಡಿಯಲ್ಲಿ ಇಲ್ಲದೆ 404 ಬರುತ್ತದೆ.

ಮುಂದೆ ಸಿಡಿಎನ್ (ನಕಲಿಟ್ಟುಕೊಂಡು ಹತ್ತಿರದಿಂದ ಹಂಚುವ ಸರ್ವರ್ ಜಾಲ) ಇದ್ದರೆ ಪೂಲ್‌ನ ಫೈಲುಗಳನ್ನು ಒಂದು ವರ್ಷ ಕ್ಯಾಶ್ ಮಾಡಲು ಬಿಡಿ. ಒಮ್ಮೆ ಬಿಟ್ಟದ್ದು ಬದಲಾಗುವುದಿಲ್ಲ ಎಂಬ ಶಿಸ್ತಿಗೆ ಸಿಗುವ ಬಡ್ಡಿ ಇದು. ಡಿಸ್ಟ್ಸ್ ಅಡಿಯ ಎಲ್ಲಕ್ಕೂ ಕ್ಯಾಶ್ ಬೇಡ, ಬೇಕೇಬೇಕಾದರೆ ಒಂದೆರಡು ನಿಮಿಷ. ಆಪ್ಟ್‌ಲಿ ಬಳಸುವವರು ಅಕ್ವೈರ್-ಬೈ-ಹ್ಯಾಶ್ ಆಯ್ಕೆ ಹಾಕಿದರೆ ಪಟ್ಟಿಗಳು ತಮ್ಮ ಹ್ಯಾಶ್‌ನ ಹೆಸರಲ್ಲೇ ಇರುತ್ತವೆ, ಹಳತು ಹೊಸತು ಬೆರೆಯುವ ಪ್ರಶ್ನೆಯೇ ಏಳದು.

ಬಳಕೆದಾರರಿಗೆ ಏನು ಹೇಳಬೇಕು

ಕೀ ಸೇರಿಸುವ ಹಳೆಯ ಕಮಾಂಡ್ ಆಪ್ಟ್-ಕೀ ಕಾಲ ಮುಗಿಯಿತು. ಅದು ಸೇರಿಸಿದ ಕೀಯನ್ನು ಆಪ್ಟ್ ಎಲ್ಲ ರೆಪೊಗಳಿಗೂ ನಂಬುತ್ತಿತ್ತು, ಅಂದರೆ ನಿಮ್ಮ ಕೀ ಕದ್ದವನು ಡೆಬಿಯನ್ ಹೆಸರಲ್ಲೂ ಸಹಿ ಹಾಕಬಹುದಿತ್ತು. ಈಗಿನ ಕ್ರಮ: ಕೀಯನ್ನು ಇಟಿಸಿ-ಆಪ್ಟ್-ಕೀರಿಂಗ್ಸ್ ಫೋಲ್ಡರಿಗೆ ಇಳಿಸುವುದು, ಸೋರ್ಸಸ್ ಫೈಲಿನಲ್ಲಿ ಟೈಪ್ಸ್, ಯುಆರ್‌ಐಸ್, ಸೂಟ್ಸ್, ಕಾಂಪೊನೆಂಟ್ಸ್ ಬರೆದು ಸೈನ್ಡ್-ಬೈ ಸಾಲಿನಲ್ಲಿ ಆ ಕೀಯ ಪೂರ್ಣ ದಾರಿ ಕೊಡುವುದು. ಕೀರಿಂಗ್ ಪ್ಯಾಕೇಜ್ ಹಾಕಿಸಿದ ಕೂಡಲೇ ಸೈನ್ಡ್-ಬೈ ಅದು ತಂದ ಯುಎಸ್‌ಆರ್ ದಾರಿಯನ್ನು ತೋರಿಸುವಂತೆ ಬದಲಿಸಲು ಹೇಳಿ. ಇಲ್ಲದಿದ್ದರೆ ನೀವು ಎಷ್ಟು ಹೊಸ ಕೀ ಕಳಿಸಿದರೂ ಆಪ್ಟ್ ಹಳೆಯದನ್ನೇ ನೋಡುತ್ತಿರುತ್ತದೆ. ಅಕ್ಷರರೂಪದ ಕೀಗೆ .ಎಎಸ್‌ಸಿ, ಬೈನರಿಗೆ .ಜಿಪಿಜಿ ಬಾಲ ಇರಲಿ. ಅದಲುಬದಲಾದರೆ ಆಪ್ಟ್ ಕೀಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ಸೂಟ್ಸ್‌ನಲ್ಲಿ ಸ್ಟೇಬಲ್ ಎಂದು ಬರೆಸದೆ ಬುಕ್‌ವರ್ಮ್, ಟ್ರಿಕ್ಸಿ ಎಂದೇ ಬರೆಸಿ. ಕರ್ಲ್‌ನಿಂದ ಎಳೆದು ನೇರ ಸುಡೊ ಬ್ಯಾಶ್‌ಗೆ ಸುರಿಯುವ ಒಂದು ಸಾಲಿನ ವಿಧಾನ ಮಾತ್ರ ದಯವಿಟ್ಟು ಬೇಡ.

ಡೆಬಿಯನ್‌ನಲ್ಲಿ ಎಕ್ಸ್‌ಟ್ರೆಪೊ ಎಂಬ ಸಲಕರಣೆ ಇದೆ, ಹೊರಗಿನ ರೆಪೊಗಳ ವಿವರ ಮತ್ತು ಕೀಗಳನ್ನು ಪರಿಶೀಲಿಸಿ ಇಟ್ಟಿರುತ್ತದೆ. ಅದರ ಪಟ್ಟಿಗೆ ಸೇರಲು ಕೋರಿಕೆ ಕಳಿಸಿ. ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಡೀಫಾಲ್ಟ್ ಆಗಿ ನಿಮ್ಮ ರೆಪೊವನ್ನು ಮುಟ್ಟುವುದಿಲ್ಲ ಎಂದೂ ತಿಳಿಸಿ, ಬೇಕಾದವರು ಅದರ ಒರಿಜಿನ್ಸ್ ಪಟ್ಟಿಗೆ ಸೇರಿಸಿಕೊಳ್ಳಲಿ.

ಬರುವ ದೂರುಗಳಲ್ಲಿ ಕೆಲವು ಪದೇಪದೇ ಬರುತ್ತವೆ. “ನೋ ಪಬ್‌ಕೀ” ಎಂದರೆ ಕೀ ಇಲ್ಲ ಅಥವಾ ಸೈನ್ಡ್-ಬೈ ದಾರಿ ತಪ್ಪಿದೆ. “ಎಕ್ಸ್‌ಪ್‌ಕೀಸಿಗ್” ಎಂದರೆ ಅವಧಿ ಮುಗಿದ ಹಳೆಯ ನಕಲು. “ರಿಲೀಸ್ ಫೈಲ್ ಇನ್ನೂ ಜಾರಿಗೆ ಬಂದಿಲ್ಲ” ಎಂದರೆ ಆ ಯಂತ್ರದ ಗಡಿಯಾರ ಹಿಂದಿದೆ. ಶಾಲೆಯ ಲ್ಯಾಬುಗಳ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇದು ಮಾಮೂಲು. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿರುತ್ತದೆ, ಪ್ರತಿ ಬೂಟ್‌ಗೂ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ರೆಪೊದಲ್ಲಿ ಹುಡುಕಾಡದೆ ಸೆಲ್ ಬದಲಿಸಲು ಹೇಳಿ. “ಈ ಫೈಲ್ ಬೇರೆ ಪ್ಯಾಕೇಜಿನಲ್ಲೂ ಇದೆ, ಅದರ ಮೇಲೆ ಬರೆಯಲಾಗದು” ಎಂದು ಡಿಪಿಕೆಜಿ ನಿಂತರೆ ತಪ್ಪು ನಿಮ್ಮದೇ: ಫೈಲನ್ನು ಒಂದು ಪ್ಯಾಕೇಜಿನಿಂದ ಇನ್ನೊಂದಕ್ಕೆ ಸರಿಸಿದಾಗ ಬ್ರೇಕ್ಸ್ ಮತ್ತು ರಿಪ್ಲೇಸಸ್ ಸಾಲುಗಳನ್ನು ಹಾಕಿಲ್ಲ. ದೂರು ಕೊಡುವವರಿಂದ ಆಪ್ಟ್-ಕ್ಯಾಶ್ ಪಾಲಿಸಿಯ ಉತ್ತರವನ್ನು ಮೊದಲೇ ತರಿಸಿಕೊಂಡರೆ ಅರ್ಧ ಮಾತುಕತೆ ಉಳಿಯುತ್ತದೆ.

ಜನ, ಬ್ಯಾಕಪ್, ಕೊನೆಗೆ ಬಾಗಿಲು

ಡೊಮೇನ್ ಯಾರ ಹೆಸರಲ್ಲಿದೆ, ಯಾವಾಗ ನವೀಕರಣ, ಸರ್ವರ್ ಬಿಲ್ ಯಾರ ಕಾರ್ಡಿನಿಂದ, ಮುಖ್ಯ ಕೀ ಯಾರ ಮನೆಯಲ್ಲಿ ಎಂಬ ನಾಲ್ಕು ಸಾಲು ಬರೆದು ತಂಡದ ಎಲ್ಲರ ಬಳಿ ಇಡಿ. ಪ್ರತಿಯೊಂದಕ್ಕೂ ಇಬ್ಬರು ಬೇಕು. ಒಬ್ಬರಿಗೆ ಕೆಲಸ ಬದಲಾಗುತ್ತದೆ, ಮಗು ಹುಟ್ಟುತ್ತದೆ, ಬೇಸರವೂ ಬರುತ್ತದೆ, ಇದರಲ್ಲಿ ತಪ್ಪೇನಿಲ್ಲ. ದಿನಕ್ಕೊಮ್ಮೆ ಬೇರೊಂದು ಯಂತ್ರದ ಖಾಲಿ ಕಂಟೇನರಿನಲ್ಲಿ ಆಪ್ಟ್ ಅಪ್‌ಡೇಟ್ ಓಡಿಸಿ, ಒಂದು ಪ್ಯಾಕೇಜ್ ಹಾಕಿಸಿ, ಸೋತರೆ ಎಲ್ಲರಿಗೂ ಮೇಲ್ ಹೋಗುವ ಸ್ಕ್ರಿಪ್ಟ್ ಇರಲಿ. ಟಿಎಲ್‌ಎಸ್ ಪ್ರಮಾಣಪತ್ರ, ಕೀ ಅವಧಿ, ಅರ್ಧಕ್ಕೆ ನಿಂತ ಸಿಂಕ್ ಮೂರನ್ನೂ ಅದೊಂದೇ ಹಿಡಿಯುತ್ತದೆ.

ಬ್ಯಾಕಪ್‌ನಲ್ಲಿ ಕಾನ್ಫ್, ಡಿಬಿ, ಪೂಲ್ ಮತ್ತು ಜಿಪಿಜಿ ಫೋಲ್ಡರ್ ಇರಲೇಬೇಕು. ಡಿಸ್ಟ್ಸ್ ಕಳೆದರೆ ಚಿಂತೆಯಿಲ್ಲ, ರೆಪ್ರೆಪ್ರೊ ಎಕ್ಸ್‌ಪೋರ್ಟ್ ಅದನ್ನು ಮತ್ತೆ ಹುಟ್ಟಿಸುತ್ತದೆ. ಆರು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಬ್ಯಾಕಪ್ ಬಿಚ್ಚಿ ರೆಪ್ರೆಪ್ರೊ ಚೆಕ್ ಮತ್ತು ಚೆಕ್‌ಪೂಲ್ ಓಡಿಸಿ ನೋಡಿ.

ಒಂದು ದಿನ ನಿಲ್ಲಿಸಬೇಕಾಗಿ ಬಂದರೆ ಸುಮ್ಮನೆ ಸರ್ವರ್ ಆರಿಸಬೇಡಿ. ಆರು ತಿಂಗಳು ಮುಂಚೆ ದಿನಾಂಕ ಹೇಳಿ. ಕೀರಿಂಗ್ ಪ್ಯಾಕೇಜಿನ ಕೊನೆಯ ಆವೃತ್ತಿಯಲ್ಲಿ ಒಂದು ನ್ಯೂಸ್ ಫೈಲ್ ಇಟ್ಟು, ಸೋರ್ಸಸ್ ಫೈಲ್ ತೆಗೆಯುವುದು ಹೇಗೆ, ಯಾವ ಪ್ಯಾಕೇಜಿಗೆ ಡಿಸ್ಟ್ರೊದಲ್ಲೇ ಬದಲಿ ಇದೆ ಎಂದು ಬರೆಯಿರಿ. ಹಾಕಿಸಿಕೊಂಡಿದ್ದ ಪ್ಯಾಕೇಜುಗಳು ರೆಪೊ ಹೋದ ಮೇಲೂ ಯಂತ್ರದಲ್ಲಿ ಉಳಿಯುತ್ತವೆ, ಅಪ್‌ಡೇಟ್ ಮಾತ್ರ ಬರುವುದಿಲ್ಲ. ಆಪ್ಟ್ ಲಿಸ್ಟ್‌ಗೆ ‘?ಆಬ್ಸೊಲೀಟ್’ ಎಂಬ ಮಾದರಿ ಕೊಟ್ಟರೆ ಅವುಗಳ ಪಟ್ಟಿ ಸಿಗುತ್ತದೆ ಎಂದೂ ಸೇರಿಸಿ. ಡೊಮೇನನ್ನು ಇನ್ನೂ ಎರಡು ವರ್ಷ ಕೈಬಿಡಬೇಡಿ. ಅದನ್ನು ಇನ್ನಾರೋ ಕೊಂಡರೆ ಹಳೆಯ ಬಳಕೆದಾರರನ್ನು ನಿಮ್ಮ ಕೀ ಕಾಯುತ್ತದೆ. ಆದರೆ ಎಲ್ಲೋ ಉಳಿದ ಹಳೆಯ ಸೂಚನೆ ಓದಿ ಹೊಸದಾಗಿ ಬರುವವರು ಕೀಯನ್ನೂ ಅಲ್ಲಿಂದಲೇ ಇಳಿಸಿಕೊಳ್ಳುತ್ತಾರೆ. ಆ ಎರಡು ವರ್ಷ ಅಲ್ಲಿ “ರೆಪೊ ನಿಂತಿದೆ” ಎಂಬ ಒಂದು ಪುಟ ಇರಲಿ. ಡೊಮೇನ್ ಬಿಡುವ ವಾರ ಮುಖ್ಯ ಕೀಯ ರದ್ದತಿ ಪ್ರಮಾಣಪತ್ರವನ್ನು ಕೀಸರ್ವರ್‌ಗೆ ಕಳಿಸಿ, ಪೆನ್‌ಡ್ರೈವ್ ಎರಡನ್ನೂ ಅಳಿಸಿಬಿಡಿ.